ಕಟ್ಟು ಪದ್ಧತಿಯ ಬಿ.ಪಿ. ಮಾತ್ರೆ

ನಮ್ಮ ಸೋದರಮಾವನಿಗೆ ಬಿ.ಪಿ. ಇಲ್ಲ. ಬಿ.ಪಿ. ಇರುವುದು ಬಿ.ಪಿ. ನೋಡುವ ಮಿಷನ್ನಿಗೆ! ಇದು ನನ್ನ ಮಾತಲ್ಲ, ಹನ್ನೊಂದು ವರ್ಷಗಳಿಂದ ಅವರೇ ಹೇಳಿಕೊಂಡು ಬರುತ್ತಿರುವ ಮಾತು. ತೋಳಿಗೆ ಪಟ್ಟಿ ಸುತ್ತಿ, ಬುಸಬುಸ ಗಾಳಿ ತುಂಬಿ, ನರ ಕಿತ್ತುಹೋಗುವ ಹಾಗೆ ಹಿಂಡಿದರೆ ಯಾರ ರಕ್ತ ತಾನೇ ಏರುವುದಿಲ್ಲ ಎನ್ನುವುದು ಅವರ ವಾದ. "ಕತ್ತು ಇಚುಕ್ಬುಟ್ಟು ಮಕ ಯಾಕೆ ಕೆಂಪಗಾಯ್ತು ಅಂತ ಕೇಳ್ದಂಗೆ ಕಣ್ಲಾ ಇದು" ಎನ್ನುತ್ತಾರೆ. ನಾನು ಶ್ರೀರಂಗಪಟ್ಟಣದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಮಕ್ಕಳ ಪ್ರಶ್ನೆಗಳಿಗೆ ಹೇಗೋ ಉತ್ತರ ಹೇಳಿ ಪಾರಾಗುತ್ತೇನೆ. ಮಾವನ ಪ್ರಶ್ನೆಗಳಿಗೆ ಉತ್ತರ ಯಾವ ಪುಸ್ತಕದ ಕೊನೆಯ ಪುಟದಲ್ಲೂ ಅಚ್ಚಾಗಿಲ್ಲ.

ಮಾವ ಅರಕೆರೆಯವರು. ಮೂವತ್ತೈದು ವರ್ಷ ನಾಲೆಯ ಸೌಡಿಯಾಗಿದ್ದವರು. ಸೌಡಿ ಎಂದರೆ ನೀರುಗಂಟಿ. ಯಾವ ತೂಬನ್ನು ಯಾವಾಗ ಎಷ್ಟು ಗೇಣು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕು ಎಂದು ತೀರ್ಮಾನ ಮಾಡುವ ದೊಡ್ಡ ಮನುಷ್ಯ. ಭತ್ತ ಹೊಡೆಗಟ್ಟುವ ಕಾಲದಲ್ಲಿ ಎಂಥೆಂಥ ಜಮೀನುದಾರರೂ ಮಾವನನ್ನು ಕಂಡರೆ ಸೈಕಲ್ಲಿನಿಂದ ಇಳಿದು ನಿಲ್ಲುತ್ತಿದ್ದರಂತೆ. ಇದೂ ಅವರೇ ಹೇಳಿದ್ದು. ಅತ್ತೆಯನ್ನು ಕೇಳಿದರೆ, ನಾಲೆ ಏರಿಯ ಹತ್ತಿರ ದಾರಿ ಕಡಿದಾಗಿತ್ತು, ಅಲ್ಲಿ ಎಲ್ಲರೂ ಇಳಿಯಲೇಬೇಕಿತ್ತು ಎನ್ನುತ್ತಾರೆ. ನಿವೃತ್ತರಾಗಿ ಎಂಟು ವರ್ಷವಾಯಿತು. ಆದರೆ ಮಾವನ ತಲೆಯಲ್ಲಿ ನಾಲೆ ಇನ್ನೂ ಹರಿಯುತ್ತಲೇ ಇದೆ. ಮದುವೆ, ಚುನಾವಣೆ, ಕ್ರಿಕೆಟ್ಟು, ಜ್ವರ, ನನ್ನ ಮಗಳ ಪರೀಕ್ಷೆ, ಏನೇ ಬರಲಿ, ಅದು ಅವರಿಗೆ ನೀರಿನ ಲೆಕ್ಕದಲ್ಲೇ ಅರ್ಥವಾಗಬೇಕು.

ಹನ್ನೊಂದು ವರ್ಷದ ಹಿಂದೆ, ಇನ್ನೂ ಕೆಲಸದಲ್ಲಿದ್ದಾಗ, ಊರಿನ ಶಾಲೆಯಲ್ಲಿ ಆರೋಗ್ಯ ತಪಾಸಣೆಯ ಶಿಬಿರ ನಡೆಯಿತು. ಯಾರನ್ನೋ ಕರೆದುಕೊಂಡು ಹೋಗಿದ್ದ ಮಾವ, ಕುರ್ಚಿ ಖಾಲಿ ಇದೆಯಲ್ಲ ಎಂದು ತಾವೂ ಕೂತರು. ಮಿಷನ್ನು ನೂರೆಂಬತ್ತು, ನೂರಹತ್ತು ಅಂತು. ಮಾವ ಒಪ್ಪಲಿಲ್ಲ. ಇನ್ನೆರಡು ಸಲ ನೋಡಿಸಿದರು. ಮೂರು ಸಲಕ್ಕೆ ಮೂರು ಲೆಕ್ಕ! ತಮ್ಮ ನಾಲೆಯಲ್ಲಿ ನೀರಿನ ಮಟ್ಟ ತೋರಿಸುವ ಗೇಜುಕಲ್ಲು ಮೂವತ್ತು ವರ್ಷದಲ್ಲಿ ಒಂದೇ ಗಳಿಗೆಗೆ ಮೂರು ಲೆಕ್ಕ ಹೇಳಿದ್ದಿಲ್ಲ, ಇಂಥ ಗೇಜು ಇಟ್ಟುಕೊಂಡು ನೀವು ಹೇಗೆ ಕೆಲಸ ಮಾಡುತ್ತೀರಿ ಎಂದು ಅಲ್ಲಿದ್ದವರನ್ನೇ ವಿಚಾರಿಸಿಕೊಂಡರಂತೆ. ಸಂಜೆ ನನಗೆ ಫೋನು ಬಂತು. "ನೀನು ಲೆಕ್ಕದ ಮೇಷ್ಟ್ರಲ್ವಾ, ನೂರೆಂಬತ್ತರಲ್ಲಿ ನೂರಹತ್ತು ಕಳೀಲಾ. ಎಪ್ಪತ್ತು. ಎಪ್ಪತ್ತು ಜಾಸ್ತಿ ಏನ್ಲಾ?" ಮರುದಿನ ರಜೆ ಹಾಕಿ ಅವರನ್ನು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದರು. ಬದುಕಿರುವವರೆಗೂ ತಪ್ಪಿಸಬಾರದು ಅಂದರು. ಉಪ್ಪು ಕಡಿಮೆ ಮಾಡಿ ಅಂದರು.

ಉಪ್ಪಿನ ವಿಷಯವನ್ನು ಅತ್ತೆ ಮನಸ್ಸಿಗೆ ತೆಗೆದುಕೊಂಡರು. ಡಾಕ್ಟರು ಹೇಳಿದ್ದು ಕಡಿಮೆ ಮಾಡಿ ಎಂದು, ಅತ್ತೆ ಕೇಳಿಸಿಕೊಂಡು ಬಂದದ್ದು ಪೂರ್ತಿ ನಿಲ್ಲಿಸಿ ಎಂದು. ಮಂಡ್ಯದ ಕಡೆ ಮುದ್ದೆಗೆ ಉಪ್ಪೆಸರು ಇಲ್ಲದೆ ವಾರ ಕಳೆಯುವುದುಂಟೇ? ಸೊಪ್ಪು, ಕಾಳು ಬೇಯಿಸಿದ ಆ ಎಸರಿಗೆ ಅತ್ತೆ ಒಂದು ಹರಳು ಉಪ್ಪನ್ನೂ ಹಾಕದೆ ಬಡಿಸಿದರು. ಮಾವ ಒಂದು ತುತ್ತು ಅದ್ದಿ ನುಂಗಿ, ನಾಲೆ ನೀರಿಗೂ ಇದಕ್ಕಿಂತ ರುಚಿ ಇದೆ ಎಂದು ಎದ್ದುಹೋದರು. ಆದರೆ ಒಂದೇ ವಾರದಲ್ಲಿ ಮನೆಯಲ್ಲಿ ಶಾಂತಿ ನೆಲೆಸಿತು. ಮಾವ ತುಟಿಪಿಟಿಕ್ಕೆನ್ನದೆ ಸಪ್ಪೆ ಊಟ ಉಣ್ಣತೊಡಗಿದರು. ಅತ್ತೆಗೆ ಸಂತೋಷವೋ ಸಂತೋಷ. ಕೊನೆಗೊಂದು ದಿನ ಅಂಗಿ ಒಗೆಯುವಾಗ ಜೇಬಿನಲ್ಲಿ ಪೇಪರಿನ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಸೈಂಧವ ಲವಣ! ಮಾವ ಅಳುಕಲಿಲ್ಲ. ಅದು ಉಪ್ಪಲ್ಲ, ಕಲ್ಲು, ಬೆಟ್ಟ ಅಗೆದು ತೆಗೆಯುತ್ತಾರೆ, ಡಾಕ್ಟರು ಕಲ್ಲು ತಿನ್ನಬೇಡಿ ಎಂದು ಹೇಳಿಲ್ಲ ಅಂದರು.

ಆಮೇಲೆ ಅತ್ತೆ ಪೊಲೀಸರಾದರು. ಬೂಕನಕೆರೆಯಲ್ಲಿ ನಮ್ಮ ನೆಂಟರ ಮನೆಯ ಬೀಗರ ಊಟಕ್ಕೆ ಹೋಗಿದ್ದೆವು. ಬೀಗರ ಊಟವೆಂದರೆ ಗೊತ್ತಲ್ಲ, ಮದುವೆ ಮುಗಿದ ಮೇಲಿನ ಬಾಡೂಟ. ಮದುವೆಗೆ ಬರದವರೂ ಅದಕ್ಕೆ ಬರುತ್ತಾರೆ. ಹೆಂಗಸರ ಪಂಕ್ತಿಯಲ್ಲಿ ಕೂತಿದ್ದ ಅತ್ತೆ ಬಡಿಸುವವರನ್ನೆಲ್ಲ ಹತ್ತಿರ ಕರೆದು, ಅಗೋ ಅಲ್ಲಿ ನೀಲಿ ಟವಲು ಹೊದ್ದಿದ್ದಾರಲ್ಲ, ಅವರಿಗೆ ಬಿ.ಪಿ., ಅವರ ಎಲೆಗೆ ಸಾರು, ಚಾಪ್ಸು ಏನೂ ಹಾಕಬೇಡಿ, ಒಂದು ಮುದ್ದೆ ಇಟ್ಟು ಮಜ್ಜಿಗೆ ಬಿಡಿ ಎಂದು ಕಟ್ಟಪ್ಪಣೆ ಮಾಡಿದರು. ಮಾವನಿಗೆ ಅದು ಹೇಗೋ ವಾಸನೆ ಬಡಿಯಿತು. ಪಕ್ಕದಲ್ಲಿ ಕೂತಿದ್ದ ಕೆ.ಆರ್. ಪೇಟೆಯ ಒಬ್ಬ ಸಾಧು ಮನುಷ್ಯನಿಗೆ, ಶಾಮಿಯಾನದ ಸಂದಿಯಲ್ಲಿ ಬಿಸಿಲು ಬೀಳುತ್ತಿದೆ, ತಲೆಯ ಮೇಲೆ ಹಾಕಿಕೊಳ್ಳಿ ಎಂದು ಬಹಳ ಪ್ರೀತಿಯಿಂದ ತಮ್ಮ ಟವಲು ಕೊಟ್ಟರು. ಪಾಪ, ಆ ಮನುಷ್ಯ ಬೆಳಗಿನಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಿದ್ದನಂತೆ! ಬಂದವರೆಲ್ಲ ಅವನ ಎಲೆಗೆ ಮಜ್ಜಿಗೆ ಬಿಟ್ಟರು. ನನಗೆ ಯಾವ ಕಾಯಿಲೆಯೂ ಇಲ್ಲ ಎಂದು ಅವನು ಹೇಳಿದಷ್ಟೂ ಬಡಿಸುವವರು, ಎಲ್ಲಾ ಹಿಂಗೇ ಹೇಳೋದು ಅನ್ನುತ್ತಾ ಮುಂದೆ ಹೋದರು. ಮಾವ ಎರಡು ಸಲ ಸಾರು ಹಾಕಿಸಿಕೊಂಡು ಉಂಡರು.

ಇಷ್ಟೆಲ್ಲ ಮಾಡಿಯೂ, ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋದಾಗ ಮಾವನ ಬಿ.ಪಿ. ಹೇಗಿರುತ್ತಿತ್ತು ಅಂದುಕೊಂಡಿರಿ? ನೂರಮೂವತ್ತು, ಎಂಬತ್ತು! ಹೊಸದಾಗಿ ಬಂದಿದ್ದ ಡಾಕ್ಟ್ರಮ್ಮನಿಗೆ ಮಾವನೆಂದರೆ ಮೆಚ್ಚುಗೆ. ಹೊರಗೆ ಕಾಯುತ್ತಿದ್ದವರಿಗೆಲ್ಲ ತೋರಿಸಿ, ಈ ಯಜಮಾನರನ್ನು ನೋಡಿ ಕಲಿಯಿರಿ ಎನ್ನುತ್ತಿದ್ದರು. ಮಾವನೂ ಬೆಂಚಿನ ಮೇಲೆ ಕೂತು, ನಿಯತ್ತಾಗಿ ಮಾತ್ರೆ ನುಂಗುವುದರ ಮಹಿಮೆಯ ಬಗ್ಗೆ ನಾಲ್ಕು ಜನಕ್ಕೆ ಭಾಷಣ ಮಾಡಿಯೇ ಬಸ್ಸು ಹತ್ತುತ್ತಿದ್ದರು. ನನಗೂ ಹೆಮ್ಮೆಯಾಗುತ್ತಿತ್ತು. ಇದರಲ್ಲೇನೋ ಮಸಲತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಮಸಲತ್ತು ಒಂದೇ ಅಲ್ಲ. ಮಾವನಿಗೆ ಮಂಡಿನೋವು. ಶ್ರಾವಣದ ಶನಿವಾರಗಳಲ್ಲಿ ಕರಿಘಟ್ಟದ ಮೆಟ್ಟಿಲು ಹತ್ತುವುದನ್ನು ಮಾತ್ರ ಬಿಡುವುದಿಲ್ಲ. ಬೆಟ್ಟದ ಮೇಲಕ್ಕೆ ವಾಹನ ಹೋಗುವ ದಾರಿಯಿದೆಯಲ್ಲ ಎಂದರೆ, ದೇವರೇನು ಆಟೋ ಸ್ಟ್ಯಾಂಡಿನಲ್ಲಿ ಕೂತಿದ್ದಾನಾ ಎಂದು ಕೇಳುತ್ತಾರೆ. ಹತ್ತಿ ಇಳಿದ ಮೇಲೆ ಮಂಡಿಗಳು ಕೂಗಿಕೊಳ್ಳುತ್ತವೆ. ಅದಕ್ಕೆ ಬಸ್ ಸ್ಟ್ಯಾಂಡಿನ ಹತ್ತಿರ ಯಾರದೋ ಅಂಗಡಿಯಲ್ಲಿ, ಚೀಟಿಯಿಲ್ಲದೆ ಸಿಗುವ ಒಂದು ಕೆಂಪು ಮಾತ್ರೆ. ಆ ಮಾತ್ರೆಯ ಮೇಲೆ ಮಾವನಿಗೆ ಅಪಾರ ಗೌರವ. ಬಿ.ಪಿ. ಮಾತ್ರೆ ನುಂಗಿದರೆ ಮೈಯಲ್ಲಿ ಏನೂ ಗೊತ್ತಾಗುವುದಿಲ್ಲ, ಹೋದದ್ದು ಎಲ್ಲಿಗೆ, ಮಾಡಿದ್ದು ಏನು ಎಂದು ಹೇಳುವವರೇ ಇಲ್ಲ. ಕೆಂಪು ಮಾತ್ರೆ ಹಾಗಲ್ಲ, ಅರ್ಧ ಗಂಟೆಯಲ್ಲಿ ಮಂಡಿಯೇ ಮುಟ್ಟಿತು ಎಂದು ತಿಳಿಸುತ್ತದೆ ಎನ್ನುತ್ತಿದ್ದರು. ಶ್ರಾವಣಕ್ಕೆ ಶುರುವಾದದ್ದು ಕಾರ್ತಿಕಕ್ಕೂ ನಿಲ್ಲಲಿಲ್ಲ, ಆಮೇಲೆ ತಿಂಗಳು ನೋಡುವುದನ್ನೇ ಬಿಟ್ಟರು.

ಹೋದ ವರ್ಷ ಮಾವನ ಮೂತ್ರದಲ್ಲಿ ನೊರೆ ಕಾಣಿಸಿಕೊಂಡಿತು. ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು. ಮಾವ ನೀರಿನ ಮನುಷ್ಯ, ಅವರಿಗೆ ಕಾರಣ ಥಟ್ಟನೆ ಹೊಳೆಯಿತು. "ಮೇಲಿಂದ ಬಿದ್ರೆ ನೊರೆ ಬರ್ದೆ ಇನ್ನೇನು ಬತ್ತದ್ಲಾ? ಕನ್ನಂಬಾಡಿ ಗೇಟು ತೆಗ್ದಾಗ ನೋಡಿಲ್ವಾ?" ಎಂದು ನನ್ನನ್ನೇ ಕೇಳಿದರು. ನಾನು ಕೇಳಿ ನಕ್ಕೆ. ಆ ನಗು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ತಪಾಸಣೆಯಲ್ಲಿ ಡಾಕ್ಟ್ರಮ್ಮ ರಕ್ತ, ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸಿದರು. ವರದಿ ನೋಡಿ, ಮತ್ತೊಮ್ಮೆ ನೋಡಿ, ತಾವೇ ಎದ್ದು ಬಂದು ಬಿ.ಪಿ. ನೋಡಿದರು. ಎಂದಿನಂತೆ ನೂರಮೂವತ್ತು, ಎಂಬತ್ತು. ಅವರಿಗೆ ತಲೆಬುಡ ತಿಳಿಯಲಿಲ್ಲ. ಬಿ.ಪಿ. ಇಷ್ಟು ಹತೋಟಿಯಲ್ಲಿದ್ದರೂ ಕಿಡ್ನಿ ಯಾಕೆ ಹೀಗೆ ಸೊರಗಿದೆ? ಮೂತ್ರದಲ್ಲಿ ಪ್ರೋಟೀನು ಸೋರಿ ಹೋಗುತ್ತಿದೆ, ನೊರೆ ಬರುವುದು ಅದಕ್ಕೇ. ಕಿಡ್ನಿ ಹೊರಗೆ ಹಾಕಬೇಕಾದ ಕಸ ರಕ್ತದಲ್ಲೇ ಉಳಿಯುತ್ತಿದೆ ಎಂದು ನನಗೆ ವಿವರಿಸಿದರು. ಅಷ್ಟರಲ್ಲಿ ಅತ್ತೆ ತಮ್ಮ ಬಟ್ಟೆ ಚೀಲದಿಂದ ಒಂದು ಹಳೇ ಬಿಸ್ಕತ್ತಿನ ಡಬ್ಬ ತೆಗೆದು ಮೇಜಿನ ಮೇಲಿಟ್ಟರು. ಹಬ್ಬಕ್ಕೆಂದು ಅಟ್ಟ ಗುಡಿಸುವಾಗ ಸಿಕ್ಕಿತು, ಇವು ಯಾವ ಮಾತ್ರೆ, ಹಸುವಿನದೋ ಮನುಷ್ಯರದೋ ನೋಡಿ ಹೇಳಿ ಎಂದರು.

ಡಬ್ಬದ ತುಂಬ ಬಿ.ಪಿ. ಮಾತ್ರೆ!

ಮಾವ ನಾಚಿಕೊಂಡರು ಅಂದುಕೊಂಡಿರಾ? ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, ತಿಳಿಯದವರಿಗೆ ತಿಳಿಸಿ ಹೇಳುವ ಹಿರಿಯರ ಹಾಗೆ ಶುರು ಮಾಡಿದರು. "ದಿನಾ ನೀರು ಬುಟ್ರೆ ಗದ್ದೆ ಜೌಗು ಹಿಡೀತದೆ ಡಾಕ್ಟ್ರಮ್ಮ. ಅದ್ಕೇ ಕಟ್ಟು ಪದ್ಧತಿ ಅಂತ ಮಾಡಿರೋದು. ಹದಿನೈದು ದಿನ ಬುಡೋದು, ಹದಿನೈದು ದಿನ ಕಟ್ಟೋದು. ಮೈಯೂ ಮಣ್ಣೇ ಅಲ್ವಾ?" ಹಾಗಾದರೆ ಇಲ್ಲಿಗೆ ಬಂದಾಗಲೆಲ್ಲ ಬಿ.ಪಿ. ಸರಿ ಇರುತ್ತಿತ್ತಲ್ಲ ಎಂದು ಡಾಕ್ಟ್ರಮ್ಮ ಕೇಳಿದರು. ಅದನ್ನೂ ಮಾವ ಮುಚ್ಚಿಡಲಿಲ್ಲ. ಸಾಹೇಬರು ನಾಲೆ ನೋಡಲು ಬರುತ್ತಾರೆ ಎಂದರೆ ಒಂದು ವಾರ ಮೊದಲೇ ಕೊನೆಯ ತೂಬಿಗೂ ನೀರು ಮುಟ್ಟಿಸಿ ಇಡಬೇಕು, ಅದು ಕೆಲಸದ ಮರ್ಯಾದೆ. ಹಾಗೆಯೇ ಆಸ್ಪತ್ರೆಗೆ ಬರುವುದಕ್ಕೆ ಹಿಂದಿನ ವಾರ ಒಂದು ದಿನವೂ ತಪ್ಪಿಸದೆ ಮಾತ್ರೆ ತೆಗೆದುಕೊಂಡಿದ್ದೇನೆ, ನಿಮಗೆ ಅವಮಾನವಾಗುವ ಹಾಗೆ ಎಂದೂ ನಡೆದುಕೊಂಡಿಲ್ಲ ಎಂದರು. ಹೆಚ್ಚುಕಡಿಮೆ ಹತ್ತು ವರ್ಷ! ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಡಾಕ್ಟ್ರಮ್ಮ ನಾಗಮಂಗಲದ ಕಡೆಯವರು. ಮಾವನಿಗೆ ಅವರ ಬಗ್ಗೆ ಮೊದಲಿನಿಂದಲೂ ಒಂದು ಸಣ್ಣ ತಾತ್ಸಾರವಿತ್ತು. ಮಳೆ ನೋಡಿಕೊಂಡು ರಾಗಿ ಬೆಳೆಯುವ ಸೀಮೆಯವರಿಗೆ ನಾಲೆಯ ವಿಚಾರ ಏನು ಗೊತ್ತು ಎನ್ನುತ್ತಿದ್ದರು. ಆಕೆ ಬೈಯಲಿಲ್ಲ. ಡಬ್ಬವನ್ನು ಪಕ್ಕಕ್ಕೆ ಸರಿಸಿ ಕೇಳಿದರು.

"ಯಜಮಾನ್ರೇ, ನಾಲೆ ಮೈದುಂಬಿ ನುಗ್ಗಿ ಬಂದ್ರೆ ತೂಬಿನ ಗತಿ ಏನಾಗುತ್ತೆ?"

"ಸುತ್ಲೂ ಮಣ್ಣು ಕೊರೀತದೆ. ಆಮೇಲೆ ಕಲ್ಲು ಕಿತ್ಕೊತದೆ."

"ಒಂದೇ ದಿನಕ್ಕಾ?"

"ಇಲ್ಲ ಕಣವ್ವ. ಮೇಲೆ ಏನೂ ಕಾಣಾಕಿಲ್ಲ. ಒಳ್ಗೊಳ್ಗೇ ಕೊರೀತಿರ್ತದೆ."

"ನಿಮ್ಮ ಕಿಡ್ನಿಯೊಳಗೂ ಅಂಥ ತೂಬುಗಳೇ ಇವೆ. ಕೂದಲಿಗಿಂತ ಸಣ್ಣವು, ಲಕ್ಷಗಟ್ಟಲೆ. ನೀವು ಮಾತ್ರೆಗೆ ಕಟ್ಟು ಹಾಕಿದ ಹದಿನೈದು ದಿನವೂ ರಕ್ತ ನುಗ್ಗಿ ಕೊರೆದಿದೆ. ಹೋದವನ್ನು ಮತ್ತೆ ಕಟ್ಟೋಕೆ ನನ್ನ ಕೈಲಾಗಲ್ಲ. ಉಳಿದಿರೋವನ್ನು ಉಳಿಸ್ಕೋಬಹುದು."

ಮಾವ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ಡಾಕ್ಟ್ರಮ್ಮ ಒಂದೊಂದಾಗಿ ಹೇಳಿದರು. ಬಿ.ಪಿ. ಮಾತ್ರೆ ದಿನವೂ, ಹಬ್ಬಕ್ಕೂ ಉಪವಾಸಕ್ಕೂ ಬಿಡುವಿಲ್ಲ. ಕೆಂಪು ಮಾತ್ರೆಯನ್ನು ಕಣ್ಣಲ್ಲೂ ನೋಡಬಾರದು, ನೋವಿನ ಮಾತ್ರೆಗಳನ್ನು ಹೀಗೆ ಕೇಳದೆ ನುಂಗಿದರೆ ಮೊದಲು ಏಟು ಬೀಳುವುದು ಕಿಡ್ನಿಗೇ. ಉಪ್ಪು ಬೆಟ್ಟದಿಂದ ಬಂತೋ ಸಮುದ್ರದಿಂದ ಬಂತೋ ಎಂದು ಕಿಡ್ನಿ ವಿಚಾರಿಸುವುದಿಲ್ಲ, ಎಲ್ಲಾ ಉಪ್ಪೂ ಉಪ್ಪೇ. ಕರೆದಾಗ ಬಂದು ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕು. ಎರಡಿವೆಯಲ್ಲ, ಒಂದು ಹೋದರೆ ಇನ್ನೊಂದು ಎಂದು ಮಾವ ಕೊನೆಯದಾಗಿ ಒಂದು ಪ್ರಯತ್ನ ಮಾಡಿದರು. ಎರಡಕ್ಕೂ ಹರಿಯುವುದು ಅದೇ ರಕ್ತ, ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ ಎಂದರು ಆಕೆ. ಆಗ ಅತ್ತೆ, ಹೋಗೇಬಿಟ್ಟರೆ ಮುಂದೇನು ಎಂದು ಕೇಳಿದರು. ಈಗ ಆ ಮಾತೇ ಬೇಡ, ಜೋಪಾನ ಮಾಡಿದರೆ ಆ ದಿನ ಬಾರದೆಯೂ ಇರಬಹುದು. ಬಂದರೆ ವಾರಕ್ಕೆ ಎರಡು ಮೂರು ಸಲ ಮಿಷನ್ನಿನಲ್ಲಿ ರಕ್ತ ಶುದ್ಧಿ ಮಾಡಿಸಬೇಕು, ಇಲ್ಲವೇ ಮನೆಯವರು ಯಾರಾದರೂ ತಮ್ಮದೊಂದನ್ನು ಕೊಡಬೇಕು ಎಂದು ಡಾಕ್ಟ್ರಮ್ಮ ಹೇಳಿದರು. ಅತ್ತೆ ತಲೆಯಾಡಿಸಿ ಡಬ್ಬ ಮುಚ್ಚಿದರು.

ನಾಗಮಂಗಲದವರಾದರೂ ಆ ಹೆಣ್ಣುಮಗಳು ತಿಳಿದವಳು ಎಂದು ದಾರಿಯುದ್ದಕ್ಕೂ ಹೊಗಳುತ್ತಾ ಮಾವ ಮನೆಗೆ ಹೋದರು. ನಾನು ಗೆದ್ದೆವು ಅಂದುಕೊಂಡೆ. ಎಂಟು ದಿನ ಸರಿಯಾಗಿ ಮಾತ್ರೆ ತೆಗೆದುಕೊಂಡರು. ಒಂಬತ್ತನೆಯ ದಿನ ಯಾವುದೋ ನೆಂಟರ ಮನೆಗೆ ಹೋದಾಗ ಮರೆತರು. ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ ಎಂದು ಹತ್ತನೆಯ ದಿನವೂ ಬಿಟ್ಟರು! ಬೆಳಿಗ್ಗೆ ಅತ್ತೆಯ ಫೋನು ಬರುತ್ತಿತ್ತು, "ನಿಮ್ ಮಾವ ಮತ್ತೆ ಕಟ್ಟು ಹಾಕವ್ರೆ ಕಣಪ್ಪ." ನಾನು ಮಾವನಿಗೆ ಫೋನು ಮಾಡಿ ರೇಗಿದೆ, ಬೇಡಿಕೊಂಡೆ, ಮತ್ತೆ ರೇಗಿದೆ. ಅವರು ಸಮಾಧಾನವಾಗಿ, ತಮಗೆ ಅರವತ್ತೇಳು ತುಂಬಿತು, ಸಾವಿನ ಭಯ ಯಾವತ್ತೋ ಹೋಯಿತು ಎಂದರು. ಹೆದರದ ಮನುಷ್ಯನನ್ನು ಏನು ಹೇಳಿ ಹೆದರಿಸುವುದು?

ಒಂದು ತಿಂಗಳ ಮೇಲೆ ಮತ್ತೆ ಪರೀಕ್ಷೆಯಾಯಿತು. ವರದಿ ತೆಗೆದುಕೊಳ್ಳಲು ನಾನು, ಮಾವ ಇಬ್ಬರೇ ಆಸ್ಪತ್ರೆಗೆ ಹೋದೆವು. ವರದಿ ಕೊಡುವ ಕಿಟಕಿಯಲ್ಲಿದ್ದ ನರ್ಸಮ್ಮನಿಗೆ ನನ್ನ ಪರಿಚಯವಿತ್ತು. ನನ್ನ ಬೆನ್ನ ಹಿಂದೆ ಮಾವ ನಿಂತಿರುವುದು ಆಕೆಗೆ ಕಾಣಲಿಲ್ಲ. ನಗುತ್ತಲೇ ಶುರು ಮಾಡಿದರು. ಹೋದ ವಾರ ನಿಮ್ಮ ಅತ್ತೆ ಒಬ್ಬರೇ ಬಂದಿದ್ದರು ಮೇಷ್ಟ್ರೇ, ಬಂದವರೇ ಸೆರಗು ಸರಿಸಿ ತೋಳು ಚಾಚಿ, ನನ್ನ ರಕ್ತ ನೋಡಿ ಎಂದರು. ಹೆಂಗಸಿನ ಕಿಡ್ನಿ ಗಂಡಸಿಗೆ ಆಗುತ್ತದಾ, ಎಡಗಡೆಯದು ಒಳ್ಳೆಯದಾ ಬಲಗಡೆಯದಾ ಎಂದು ಕೇಳಿದರು. ಅಂಥ ಕಾಲ ಬಂದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹೋಗುವಾಗ ಏನು ಹೇಳಿ ಹೋದರು ಗೊತ್ತಾ ಎಂದು ಅತ್ತೆಯ ಮಾತನ್ನು ಹಾಗೇ ಆಡಿ ತೋರಿಸಿದರು. "ನಂದು ಅಂತ ಬರ್ಕೊಂಡಿರಿ ಕಣವ್ವ. ಅವ್ರಿಗೆ ಮಾತ್ರ ಹೇಳ್ಬ್ಯಾಡಿ. ಹೇಳುದ್ರೆ ಬ್ಯಾಡ ಅಂತ ಹಟ ಮಾಡ್ತಾರೆ."

ಅವತ್ತು ಅತ್ತೆ ಮನೆಯಲ್ಲಿ ಪಾಂಡವಪುರದ ತಂಗಿಯನ್ನು ನೋಡಿಕೊಂಡು ಬರುತ್ತೇನೆಂದು ಹೇಳಿ ಬಸ್ಸು ಹತ್ತಿದ್ದರಂತೆ. ಅದು ನನಗೆ ಆಮೇಲೆ ತಿಳಿಯಿತು. ನಾನು ಹಿಂದಕ್ಕೆ ತಿರುಗಿದೆ. ಮಾವ ಅಲ್ಲಿರಲಿಲ್ಲ, ಆಗಲೇ ಹೊರಗೆ ಹೋಗಿ ಗೇಟಿನ ಹತ್ತಿರ ನಿಂತಿದ್ದರು. ವರದಿಯಲ್ಲಿ ಏನಿದೆ ಎಂದು ಕೇಳಲಿಲ್ಲ. ರಕ್ತದಲ್ಲಿನ ಕಸದ ಮಟ್ಟ ಹೋದ ಸಲಕ್ಕಿಂತ ಒಂದಿಷ್ಟು ಏರಿತ್ತು, ನಾನೂ ಹೇಳಲಿಲ್ಲ.

ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದು ಬಂದು ಕಲ್ಲುಬೆಂಚಿನ ಮೇಲೆ ಕೂತೆವು. ಒಂದು ಬಸ್ಸು ಬಂತು, ಹೋಯಿತು. ಮಾವ ಏಳಲಿಲ್ಲ. ಎದುರಿನ ಗೋಡೆಯನ್ನು ನೋಡುತ್ತಾ ಹೇಳಿದರು.

"ಮೂವತ್ತೈದು ವರ್ಸ ಊರ್ಗೆಲ್ಲ ನೀರು ಬುಟ್ಟೆ ಕಣ್ಲಾ. ಅವಳ್ಗೆ ಒಂದು ದಿನ ಒಂದು ಲೋಟ ನೀರು ತಂದ್ಕೊಟ್ಟಿಲ್ಲ."

ನನಗೆ ಅಳು ಬಂತು. ಮೇಷ್ಟ್ರಾದವನು ಬಸ್ ಸ್ಟ್ಯಾಂಡಿನಲ್ಲಿ ಅಳುವ ಹಾಗಿಲ್ಲ, ಅರ್ಧ ಶಾಲೆ ಅಲ್ಲೇ ನಿಂತಿರುತ್ತದೆ. ಮಾವನ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ಮುಂದಿನ ಅರಕೆರೆ ಬಸ್ಸು ಬಂದಾಗ ಎದ್ದು ಹತ್ತಿ, ಕಿಟಕಿಯ ಪಕ್ಕ ಕೂತು, ನನ್ನನ್ನು ಹತ್ತಿರ ಕರೆದರು.

"ನಂಗೆ ಗೊತ್ತಾಯ್ತು ಅಂತ ಅವಳ್ಗೆ ಹೇಳ್ಬ್ಯಾಡ. ಡಾಕ್ಟ್ರಮ್ಮಂಗೆ ಎದ್ರಿ ಮಾತ್ರೆ ತಗೊಂಡ ಅಂತ್ಲೇ ಅನ್ಕೊಳ್ಲಿ."

ಅದಾಗಿ ವರ್ಷದ ಮೇಲಾಯಿತು. ಮಾವ ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ಮಂಡಿ ನೋಯುತ್ತದೆ, ಅತ್ತೆ ಎಣ್ಣೆ ತಿಕ್ಕುತ್ತಾರೆ. ಉಳಿದದ್ದು ಉಳಿದಿದೆ, ಮತ್ತಷ್ಟು ಕೆಡುತ್ತಿಲ್ಲ ಎಂದು ಮೊನ್ನೆಯೂ ಡಾಕ್ಟ್ರಮ್ಮ ಹೇಳಿದರು. ಅತ್ತೆ ಊರಿನಲ್ಲಿ ಕಂಡಕಂಡವರ ಮುಂದೆ, ಯಾರಿಗೂ ಜಗ್ಗದ ಗಂಡಸು ಆ ಡಾಕ್ಟ್ರಮ್ಮನಿಗೆ ಹೆದರಿ ಬೆಕ್ಕಿನ ಮರಿಯಾದರು ಎಂದು ಹೇಳಿಕೊಂಡು ನಗುತ್ತಾರೆ. ಮಾವ ಪಕ್ಕದಲ್ಲೇ ಕೂತು ಹೌದೆಂದು ತಲೆಯಾಡಿಸುತ್ತಾರೆ. ಅತ್ತೆಗೆ ಓದಲು ಬರುವುದಿಲ್ಲ ಎನ್ನುವ ಧೈರ್ಯದ ಮೇಲೆ ನಾನಿದನ್ನು ಬರೆದಿದ್ದೇನೆ. ನೀವು ಯಾರಾದರೂ ಅರಕೆರೆ ಕಡೆ ಹೋದರೆ ದಯವಿಟ್ಟು ಬಾಯಿ ಬಿಡಬೇಡಿ.